ಮೂರೇ ಜಿಬಿ

ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಲ್ಯಾಪ್‌ಟಾಪ್ ರಿಪೇರಿ ಮಾಡುತ್ತಿದ್ದ ಅವರು ಬಂದ ಗಿರಾಕಿಗಳಿಗೆಲ್ಲ ಹೇಳುತ್ತಿದ್ದುದು ಒಂದೇ ಮಾತು: "ನೀವು ಚಾ ಕುಡದು ಬರ್ರಿ, ನಾ ನೋಡ್ಕೋತೀನಿ." ಆಮೇಲೆ ಫ್ಯಾನಿನ ಕೆಳಗೆ ಕೂತು, ಬಿಚ್ಚಿದ ಸ್ಕ್ರೂಗಳನ್ನು ಹಳೆಯ ಲಗ್ನಪತ್ರಿಕೆಯೊಂದರ ಮೇಲೆ ಸಾಲಾಗಿ ಇಡುತ್ತಿದ್ದರು.

ನನ್ನ ಹಳೆಯ ಲ್ಯಾಪ್‌ಟಾಪಿಗೆ ಅವರಿಂದಲೇ ನಾಲ್ಕು ಜಿಬಿ ಮೆಮೊರಿ ಹಾಕಿಸಿದೆ. ಮನೆಗೆ ಬಂದು ನೋಡಿದರೆ ಪರದೆ ಮೂರೇ ತೋರಿಸಿತು. ತಿರುಗಿ ಹೋದವನೇ, ಅಂಗಡಿ ತುಂಬ ಜನರಿರುವಾಗಲೇ ಒದರಿದೆ: "ಚಾ ಕುಡ್ಯಾಕ ಕಳಿಸಿ ಒಂದು ಜಿಬಿ ನುಂಗೀರಲ್ಲ!"

ಅವರು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಮೆಲ್ಲಗೆ ಕೆಳಗಿಟ್ಟರು. "ನಾಕೂ ಅದರಾಗ ಅದಾವ್ರಿ ಸರ್. ನಿಮ್ಮ ಹಳೇ ವಿಂಡೋಸು ಮೂರರ ಮ್ಯಾಲ ಹಿಡಿಯಂಗಿಲ್ಲ."

ನಾನು ಕೇಳಿಸಿಕೊಳ್ಳಲಿಲ್ಲ. ಎಲ್ಲರೂ ಅವರನ್ನೇ ನೋಡುತ್ತಿದ್ದರು.

ವರ್ಷದ ಮೇಲೆ ಕೊಪ್ಪಳದ ನಮ್ಮ ಆಫೀಸಿನಲ್ಲಿ ಅದಕ್ಕೆ ಹೊಸ ವಿಂಡೋಸ್ ಹಾಕಿದರು. ಅದೇ ಲ್ಯಾಪ್‌ಟಾಪ್ ನಾಲ್ಕು ಜಿಬಿ ತೋರಿಸಿತು. ತಪ್ಪಾಯಿತು ಎನ್ನಬೇಕೆಂದು ಅವತ್ತೇ ಬೈಕ್ ಹತ್ತಿ ಅವರ ಅಂಗಡಿಯತ್ತ ಹೊರಟೆ.

ಅವರ ಟೇಬಲ್ಲು ಫ್ಯಾನಿನ ಕೆಳಗಿಂದ ಬಾಗಿಲಿಗೆ ಬಂದಿತ್ತು. ರಸ್ತೆಯ ಧೂಳಿನಲ್ಲಿ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಯಾರಿಗೋ ಹೇಳುತ್ತಿದ್ದರು: "ಚಾ ಆಮ್ಯಾಲ ಕುಡೀರಂತ್ರಿ. ಇಲ್ಲೇ ಕುಂದರ್ರಿ, ನಿಮ್ಮ ಕಣ್ಣ ಮುಂದನ ಬಿಚ್ಚತೀನಿ."

ನಾನು ಬೈಕ್ ನಿಲ್ಲಿಸಲಿಲ್ಲ.