ಜಗಳ ಬಾರದ ಮ್ಯಾಲಕಿ

ನಮ್ಮ ಬೆಲ್‌ಫಾಸ್ಟ್‌ನಲ್ಲಿ ಬೀದಿಗೊಬ್ಬ ಶಾಂತಿದೂತ ಇರುತ್ತಾನೆ. ನಮ್ಮ ಬೀದಿಯವನು ಮ್ಯಾಲಕಿ. ಉದಯೋನ್ಮುಖ ಶಾಂತಿನಾಯಕರಿಗೆ ಕೊಡುವ ಫೆಲೋಶಿಪ್ ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಗಿಟ್ಟಿಸಿರುತ್ತಾನೆ. ತಲೆ ಪೂರ್ತಿ ನರೆತಿದೆ. "ಇನ್ನೂ ಉದಯಿಸ್ತಾನೇ ಇದೀಯೇನೋ? ಸೂರ್ಯ ಕೂಡ ಇಷ್ಟು ಹೊತ್ತು ತಗೊಳ್ಳಲ್ಲ ಮಾರಾಯ!" ಎಂದು ಮಾಂಸದಂಗಡಿಯ ಲೊರ್ಕನ್ ಛೇಡಿಸಿದರೆ, "ಅಂದ್ರೆ ನಾನು ತಡ ಮಾಡ್ದೆ ಅಂತ ನಿನಗನ್ನಿಸ್ತಿದೆ, ಸರಿಯಾಗಿ ಕೇಳಿಸ್ಕೊಂಡ್ನಾ?" ಎನ್ನುತ್ತಾನೆ. ಎದುರಿನವರ ಮಾತನ್ನು ಅವರಿಗೇ ಮರಳಿ ಒಪ್ಪಿಸುವುದು ಜಿನೀವಾದ ಸಂಧಾನ ತರಬೇತಿಯಲ್ಲಿ ಕಲಿತ ವಿದ್ಯೆ. ಬಸ್ಸಿನಲ್ಲಿ ಇಬ್ಬರು ಕಿತ್ತಾಡಿದರೆ ತಾನು ಇಳಿಯಬೇಕಾದ ನಿಲ್ದಾಣವನ್ನೂ ಬಿಟ್ಟು ಅವರ ನಡುವೆ ಕೂರುತ್ತಾನೆ. ನಾಯಿ ಬೊಗಳಿದರೆ ಬೆಕ್ಕಿನ ಅಹವಾಲನ್ನೂ ಕೇಳುವವನು. ಕ್ಯಾಥೊಲಿಕ್ಕರನ್ನೂ ಪ್ರಾಟೆಸ್ಟೆಂಟರನ್ನೂ ಬೇರೆ ಮಾಡಿ ಊರು ಸೀಳಿದ ಗೋಡೆಯ ಎರಡೂ ಕಡೆಯ ಹುಡುಗರು ಇವತ್ತು ಒಟ್ಟಿಗೆ ಚೆಂಡಾಡುತ್ತಿದ್ದರೆ ಅದು ಅವನ ಪುಣ್ಯ, ಎರಡು ಮಾತಿಲ್ಲ. ಆದರೆ ಹೆಂಡತಿ ಓರ್ಲಾ ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತು, "ಒಂದ್ಸಲ, ಒಂದೇ ಒಂದ್ಸಲ ನನ್ ಜೊತೆ ಜಗಳ ಆಡೋ!" ಎಂದು ಕೂಗಿದಾಗಲೂ, "ನಿನಗೆ ಜಗಳ ಬೇಕು ಅನ್ನಿಸ್ತಿದೆ, ಅಲ್ವಾ?" ಎಂದುಬಿಟ್ಟ. ಅವಳು ಹೋದಳು. ಈಗ ಸಂಜೆಯಾದರೆ ಅವನೊಬ್ಬನೇ ಅಡುಗೆಮನೆಯಲ್ಲಿ ಕೂಗಾಡುವುದು ಪಕ್ಕದ ಮನೆಯ ನನಗೆ ಕೇಳಿಸುತ್ತದೆ: "ಹೋಗ್ಬೇಡ ಕಣೇ, ಹೋಗಕೂಡ್ದು ನೀನು!" ಆಮೇಲೆ ಅಭ್ಯಾಸಬಲದಿಂದ, ಎದುರಿನವರ ಸರದಿಯೆಂದು ಸುಮ್ಮನಾಗಿ ಕಾಯುತ್ತಾನೆ.