ಡಾಕ್ಟರಮ್ಮನ ಮೂರು ದಿನದ ಬೀಗ

"ನನ್ನ ತಲೆಯಲ್ಲಿ ಇಲ್ಲದ ಹೊಲಿಗೆ ಮೆಷೀನು ಇನ್ನೂ ಯಾವ ಕಾರ್ಖಾನೆಯಲ್ಲೂ ಹುಟ್ಟಿಲ್ಲ. ಬಿಚ್ಚೋಕೆ ಪುಸ್ತಕ ಬೇಡ, ಜೋಡಿಸೋಕೆ ಕನ್ನಡಕಾನೂ ಬೇಡ!"

ಡಾಕ್ಟರಮ್ಮ ಇದನ್ನು ದಿನಕ್ಕೆ ಮೂರು ಹೊತ್ತು ಹೇಳುತ್ತಿದ್ದಳು, ಬರೆದುಕೊಟ್ಟ ಮಾತ್ರೆ ನುಂಗಿದ ಹಾಗೆ. ಹೆಸರಿಗೆ ಡಾಕ್ಟರಮ್ಮ ಅಷ್ಟೇ, ಮನುಷ್ಯರ ನಾಡಿ ಹಿಡಿದವಳಲ್ಲ. ಹಳೇ ಕಟ್ಟಡವೊಂದರ ಮೆಟ್ಟಿಲ ಕೆಳಗೆ ಹೊಲಿಗೆ ಮೆಷೀನು ರಿಪೇರಿಯ ಅಂಗಡಿ ಇಟ್ಟಿದ್ದಳು. ಅಂಗಡಿ ಎಷ್ಟು ಇಕ್ಕಟ್ಟೆಂದರೆ, ಒಳಗೆ ಒಂದು ಹೊಸ ಯೋಚನೆ ಬಂದರೆ ಅವಳು ಹೊರಗೆ ಹೋಗಿ ಅದಕ್ಕೆ ಜಾಗ ಮಾಡಿಕೊಡಬೇಕಿತ್ತು. ಅವಳು ಗಟ್ಟಿಯಾಗಿ ಕೆಮ್ಮಿದರೆ ಮೂರು ಬೀದಿಯ ಮೆಷೀನುಗಳು ಬೆಚ್ಚಿಬಿದ್ದು ನೆಟ್ಟಗೆ ಹೊಲಿಯುತ್ತಿದ್ದವು ಎಂದು ಹೇಳುವವರಿದ್ದಾರೆ. ನಾನು ಪೂರ್ತಿ ನಂಬುವುದಿಲ್ಲ. ಎರಡು ಬೀದಿ ಇರಬಹುದು.

ಅವಳಿಗೆ ಇನ್ನೊಂದು ಅಂಗಡಿಯೂ ಇತ್ತು, ಮೊಬೈಲಿನೊಳಗೆ. ಒಂದು ಕಂಪನಿಯ ಜಾಲತಾಣದಲ್ಲಿ ಹಳೇ ಮೆಷೀನುಗಳ ಬಳಗ. ಎಲ್ಲೆಲ್ಲಿಯವರೋ ಕೆಟ್ಟ ಮೆಷೀನಿನ ಫೋಟೋ ಹಾಕಿ "ಇದಕ್ಕೇನಾಗಿದೆ?" ಎಂದು ಕೇಳುವುದು, ಬಲ್ಲವರು ಹೇಳುವುದು. ಈ ಬಳಗವನ್ನು ಒಂಬತ್ತು ವರ್ಷದಿಂದ ನೋಡಿಕೊಳ್ಳುತ್ತಿದ್ದವರು ಆರು ಜನ, ಅವರಲ್ಲಿ "ಮೆಷೀನ್ ಡಾಕ್ಟರು" ಎಂದು ಹೆಸರಿಟ್ಟುಕೊಂಡ ಇವಳೂ ಒಬ್ಬಳು. ಬೈದಾಡುವವರನ್ನು ಆಚೆ ಹಾಕುವುದು, ಕೇಳಿದ್ದನ್ನೇ ಕೇಳುವವರಿಗೆ ಹಳೇ ಉತ್ತರ ತೋರಿಸುವುದು, ಹೊಸ ರೋಗಕ್ಕೆ ಹೊಸ ಉತ್ತರ ಬರೆಯುವುದು. ಸಂಬಳ ಒಂದು ಥ್ಯಾಂಕ್ಸು. ಆರು ಜನರೂ ಒಬ್ಬರ ಮುಖ ಒಬ್ಬರು ಕಂಡವರಲ್ಲ.

ಒಂದು ಬೆಳಿಗ್ಗೆ ಕಂಪನಿಯಿಂದ ಪ್ರಕಟಣೆ ಬಂತು. ಬರುವ ತಿಂಗಳಿಂದ ಹಳೇ ಉತ್ತರ ಓದಬೇಕಾದವರು ದುಡ್ಡು ಕಟ್ಟಬೇಕು.

ಉಳಿದ ಐವರಿಗೆ ಸಿಟ್ಟು ಬಂತು. ಡಾಕ್ಟರಮ್ಮನಿಗೆ ಮೊದಲು ಬಂದದ್ದು ಕುತೂಹಲ. "ನಾನು ಬರೆದಿದ್ದನ್ನ ನಾನು ಓದೋಕೂ ಕಟ್ಟಬೇಕಾ?" ಎಂದು ಕಂಪನಿಗೆ ಬರೆದು ಕೇಳಿದಳು. "ನಿಮ್ಮ ಅನಿಸಿಕೆ ನಮಗೆ ಬಹಳ ಮುಖ್ಯ" ಎಂದು ಉತ್ತರ ಬಂತು. ಹೌದೋ ಅಲ್ಲವೋ ಅನ್ನುವುದು ಮಾತ್ರ ಅದರಲ್ಲಿ ಎಲ್ಲೂ ಇರಲಿಲ್ಲ. ಅವಳು ಮೊಬೈಲನ್ನು ತಿರುಗಿಸಿ ಬೆನ್ನ ಕಡೆಯೂ ನೋಡಿದಳಂತೆ.

ಆರು ಜನ ಸೇರಿ ತೀರ್ಮಾನ ಮಾಡಿದರು: ಬಳಗಕ್ಕೆ ಮೂರು ದಿನ ಬೀಗ, ಯಾರೂ ಓದುವಂತಿಲ್ಲ, ಬರೆಯುವಂತಿಲ್ಲ. ಬೀಗದ ಕೈ ಆರು ಜನರ ಹತ್ತಿರವೂ ಇತ್ತು. ಆದ್ದರಿಂದ ಡಾಕ್ಟರಮ್ಮನೇ ಒಂದು ಕಟ್ಟಳೆ ಸೇರಿಸಿದಳು. "ನಾವೂ ಒಳಗೆ ಇಣುಕಬಾರದು. ಯಾರು ಇಣುಕಿದರೂ ಕಂಪನಿಗೆ ಗೊತ್ತಾಗುತ್ತೆ. ಒಬ್ಬರು ಇಣುಕಿದರೆ ಮುಷ್ಕರ ಮುರೀತು ಅಂತಲೇ ಲೆಕ್ಕ." ಮಾತಾಡಿಕೊಳ್ಳಲು ಇರಲಿ ಎಂದು ಎಲ್ಲರೂ ಫೋನ್ ನಂಬರು ಹಂಚಿಕೊಂಡರು.

ಮೊದಲ ದಿನ ಅವಳು ಬೀದಿಯುದ್ದಕ್ಕೂ ಹೋಗಿ ಒಂದೊಂದು ಟೈಲರ್ ಅಂಗಡಿಯ ಮುಂದೆಯೂ ಕಿವಿಯಿಟ್ಟು ಬಂದಳು. ಎಲ್ಲ ಮೆಷೀನುಗಳೂ ಕಟಕಟ ಅನ್ನುತ್ತಲೇ ಇದ್ದವು. ಅವಳಿಗೆ ಸ್ವಲ್ಪ ಬೇಜಾರಾಯಿತು.

ಎರಡನೇ ದಿನ ಮಧ್ಯಾಹ್ನ ನಾದಿನಿ ಬಂದಳು, ಪರದೆ ಹೊಲಿಯುವವಳು. ಕಂಕುಳಲ್ಲಿ ಮಗು ಎತ್ತಿಕೊಂಡ ಹಾಗೆ ಮೆಷೀನು.

"ಅತ್ತಿಗೆ, ದಾರ ಗಂಟುಗಂಟಾಗಿ ಬರ್ತಿದೆ. ರಂಗಮಂದಿರದ ಪರದೆ ನಾಳೆ ಹೊತ್ತಿಗೆ ಕೊಡಬೇಕು. ಕೊಡದಿದ್ರೆ ಆ ಮ್ಯಾನೇಜರು ಮತ್ತೆ ನನ್ನ ಮುಖ ನೋಡಲ್ಲ."

"ಇದೊಂದು ರೋಗಾನಾ? ಕೂತ್ಕೋ."

ದಾರದ ಬಿಗಿ ಹಿಡಿಯುವ ಭಾಗವನ್ನು ಬಿಚ್ಚಿದಳು. ಒರೆಸಿದಳು, ಎಣ್ಣೆ ಹಾಕಿದಳು, ಜೋಡಿಸಿದಳು. ಎಲ್ಲ ಮುಗಿದ ಮೇಲೆ ಕೈಯಲ್ಲಿ ಒಂದು ಸಣ್ಣ ಸ್ಪ್ರಿಂಗು ಉಳಿಯಿತು. ಮತ್ತೆ ಬಿಚ್ಚಿ ಜೋಡಿಸಿದಳು. ಈ ಸಲ ಸ್ಪ್ರಿಂಗು ಒಳಗೆ ಹೋಯಿತು, ದಾರ ತುಂಡಾಯಿತು. ಆರನೇ ಸಲಕ್ಕೆ ಸ್ಪ್ರಿಂಗು ಹಾರಿ ನಾದಿನಿಯ ಜಡೆಯಲ್ಲಿ ಅಡಗಿ ಕೂತಿತು.

"ಕನ್ನಡಕ ಕೊಡ್ಲಾ ಅತ್ತಿಗೆ?"

"ಬಾಯಿ ಮುಚ್ಚು." ಕನ್ನಡಕ ಹಾಕಿಕೊಂಡಳು.

ಈ ಮಾದರಿಯ ಸ್ಪ್ರಿಂಗು ಕೂರಿಸುವ ಬಗೆಯನ್ನು ಏಳು ವರ್ಷದ ಹಿಂದೆ ಅವಳೇ ಬರೆದಿದ್ದಳು. ಬರೆದಾಯಿತಲ್ಲ ಎಂದು ತಲೆ ನಿಶ್ಚಿಂತೆಯಿಂದ ಮರೆತುಬಿಟ್ಟಿತ್ತು. ಉತ್ತರ ಬೀಗದೊಳಗೆ, ಬೀಗದ ಕೈ ತನ್ನ ಮೊಬೈಲಿನಲ್ಲಿ.

"ನಿಮ್ಮದೇ ಬಳಗ, ನೀವೇ ಬರೆದದ್ದು. ಒಂದೇ ಒಂದು ಸಲ ನೋಡಿಬಿಡಿ. ಯಾರಿಗೆ ಗೊತ್ತಾಗುತ್ತೆ?"

"ಕಂಪನಿಗೆ ಗೊತ್ತಾಗುತ್ತೆ ಕಣೆ."

"ನನ್ನ ಕೆಲಸ ಹೋದ್ರೆ?"

ಡಾಕ್ಟರಮ್ಮನ ಹೆಬ್ಬೆರಳು ಮೊಬೈಲಿನ ಮೇಲೆ ನೊಣದ ಹಾಗೆ ಕೂತಿತು, ಎದ್ದಿತು, ಮತ್ತೆ ಕೂತಿತು. ಕೊನೆಗೆ ಬಳಗ ತೆರೆಯಲಿಲ್ಲ, ಹಂಚಿಕೊಂಡ ನಂಬರುಗಳ ಪಟ್ಟಿ ತೆರೆದಳು. ಆರು ಜನರಲ್ಲಿ "ಎಣ್ಣೆಡಬ್ಬಿ" ಎಂದು ಹೆಸರಿಟ್ಟುಕೊಂಡ ಒಬ್ಬನಿದ್ದ. ಎರಡು ಪದಕ್ಕಿಂತ ಹೆಚ್ಚು ಎಂದೂ ಬರೆದವನಲ್ಲ. ಅವನಿಗೆ ಫೋನು ಹಚ್ಚಿದಳು.

"ನಾನು ಮೆಷೀನ್ ಡಾಕ್ಟರು ಮಾತಾಡ್ತಿರೋದು."

ಆ ಕಡೆಯಿಂದ ಎಂಬತ್ತು ವರ್ಷದ ಗಂಟಲು ಕೂಗಿತು. "ಫೋನು ಡಾಕ್ಟರ್ ಸಾರ್‌ಗೆ ಕೊಡಮ್ಮ!"

"ಸಾರೂ ನಾನೇ."

"ಅಯ್ಯಯ್ಯೋ! ಒಂಬತ್ತು ವರ್ಷ ಸಾರ್ ಸಾರ್ ಅಂದೆನಲ್ಲ ತಾಯಿ, ಒಂದು ಮಾತು ಹೇಳಬಾರದಿತ್ತಾ?"

"ಮರ್ಯಾದೆ ತಾನಾಗಿ ಬರ್ತಿತ್ತು, ಯಾಕೆ ಬೇಡ ಅನ್ನಲಿ?"

ಅವನು ಆಯುಷ್ಯವಿಡೀ ಡೇರೆ ಹೊಲಿದವನು. ಮೊಬೈಲನ್ನು ನಂಬದೆ, ಒಳ್ಳೆಯ ಉತ್ತರ ಕಂಡಾಗಲೆಲ್ಲ ನೋಟ್‌ಬುಕ್ಕಿಗೆ ಇಳಿಸಿಕೊಂಡಿದ್ದ. ಹನ್ನೊಂದು ನೋಟ್‌ಬುಕ್ಕುಗಳಿದ್ದವು. ಅವಳು ಸ್ಪ್ರಿಂಗಿನ ಕಥೆ ಹೇಳಿದಳು. ಅವನು ಸಿಕ್ಕಿತು ಎನ್ನುವಷ್ಟರಲ್ಲಿ ಹಾಳೆ ತಿರುವುವ ಸದ್ದಿಗೆ ಈ ಕಡೆ ಗಾಳಿ ಬೀಸಿದಂತಾಯಿತು.

"ಬರ್ಕೊಳ್ಳಿ. ಸ್ಪ್ರಿಂಗನ್ನ ಮೊದಲು ಅರ್ಧ ಸುತ್ತು ತಿರುಗಿಸಿ, ಬಿಗಿ ಬಂದ ಮೇಲೆ ಒಳಗೆ ತಳ್ಳಿ. ಬರೆದವರು, ಮೆಷೀನ್ ಡಾಕ್ಟರು. ಅದರ ಕೆಳಗೆ ಇನ್ನೊಂದು ಸಾಲು ಇದೆ, ಓದ್ಲಾ?"

"ಓದಿ."

"'ಇಷ್ಟು ಸುಲಭದ್ದನ್ನ ಮರೆಯುವವನು ಕತ್ತೆ.'"

ನಾದಿನಿ ಸೆರಗು ಬಾಯಿಗೆ ತುರುಕಿಕೊಂಡರೂ ನಗು ಮೂಗಿನಿಂದ ಬಂತು. ಡಾಕ್ಟರಮ್ಮ ಅರ್ಧ ಸುತ್ತು ತಿರುಗಿಸಿ ತಳ್ಳಿದಳು. ಹೊಲಿಗೆ ಗೆರೆ ಎಳೆದ ಹಾಗೆ ಬಂತು. ಮಾರನೇ ದಿನ ಪರದೆಯೂ ಹೊತ್ತಿಗೆ ಸರಿಯಾಗಿ ರಂಗಮಂದಿರ ಸೇರಿತು.

ಅದೇ ಮೂರನೇ ದಿನ ಕಂಪನಿಯ ಅಧಿಕಾರಿಯೊಬ್ಬ ಫೋನು ಮಾಡಿದ. ಚಿಕ್ಕ ವಯಸ್ಸಿನ, ತುಂಬ ಮರ್ಯಾದೆಯ ದನಿ.

"ಮೇಡಂ, ಸಂಜೆಯೊಳಗೆ ಬೀಗ ತೆಗೀರಿ, ಮತ್ತೆ ಹಾಕಬೇಡಿ. ಇಲ್ಲದಿದ್ರೆ ನಿಮ್ಮನ್ನ ತೆಗೆದು ಬೇರೆಯವರನ್ನ ಹಾಕಬೇಕಾಗುತ್ತೆ. ಜಾಗ ನಮ್ಮದು, ಅಲ್ಲಿರೋ ಉತ್ತರಾನೂ ನಮ್ಮದು."

"ಉತ್ತರ ಒಂದೊಂದಾಗಿ ಜನರ ನೋಟ್‌ಬುಕ್ಕಿಗೆ ಹೋಗಿ ಕೂತಿದೆಯಪ್ಪ. ಅದನ್ನ ಹೇಗೆ ತರಿಸ್ಕೊಳ್ತೀರಿ?"

"ಹಳೇದು ಬಿಡಿ ಮೇಡಂ. ಹೊಸ ಪ್ರಶ್ನೆಗಳು ಬರ್ತಾನೇ ಇರ್ತವೆ. ಕೇಳೋರು ದುಡ್ಡು ಕಟ್ಟೇ ಕಟ್ತಾರೆ. ಅದರಲ್ಲಿ ನಮಗೆ ಅನುಮಾನ ಇಲ್ಲ."

"ಕಟ್ಟಲಿ, ಧಾರಾಳವಾಗಿ ಕಟ್ಟಲಿ. ಮೊದಲ ಪ್ರಶ್ನೆ ನೀವೇ ಕೇಳಿ ನೋಡಿ. ಉತ್ತರ ಹೇಳೋಕೆ ಕಂಪನಿಯಿಂದ ಯಾರು ಬರ್ತಾರೆ ಅಂತ ನೋಡೋಕೆ ನಾವು ಆರು ಜನ ಕಾಯ್ತಾ ಕೂತಿರ್ತೀವಿ."