ಬಿದ್ದಿತ್ತು ಸಾರ್, ಎತ್ಕೊಂಡೆ

ಕೊರೊನಾ ಬರುವುದಕ್ಕೆ ಹಿಂದಿನ ವರ್ಷದ ಮಾತು. ಹತ್ತನೇ ತರಗತಿ ಪರೀಕ್ಷೆಗೆ ಚಳ್ಳಕೆರೆಯಿಂದ ನನ್ನನ್ನು ಮೊಳಕಾಲ್ಮುರಿಗೆ ಕೊಠಡಿ ಮೇಲ್ವಿಚಾರಕನಾಗಿ ಹಾಕಿದ್ದರು. ಅಲ್ಲಿ ನನ್ನ ಬಾಲ್ಯದ ಗೆಳೆಯನೊಬ್ಬ ಗುತ್ತಿಗೆದಾರ. "ಲೇ, ಪರೀಕ್ಷೆ ಮುಗಿಯೋವರ್ಗೂ ಮಧ್ಯಾಹ್ನದ ಊಟ ನಮ್ಮನೇಲೇ" ಎಂದು ಹಟ ಹಿಡಿದ. ಅವನ ಮಗಳು ಸಿಂಚನಾಳೂ ಆ ವರ್ಷ ಪರೀಕ್ಷೆ ಬರೆಯುತ್ತಿದ್ದಳು. ಅವಳೇ ತಟ್ಟೆಗೆ ತುಪ್ಪ ಬಡಿಸುತ್ತಿದ್ದಳು. ಒಳ್ಳೆಯ ಮನೆತನದ ಮಕ್ಕಳು ಅಂದರೆ ಹೀಗಿರಬೇಕು ಅಂದುಕೊಳ್ಳುತ್ತಿದ್ದೆ.

ಗಣಿತದ ದಿನ ಸಿಂಚನಾ ನನ್ನ ಕೊಠಡಿಯಲ್ಲೇ ಇದ್ದಳು. ಅವಳ ಹಿಂದಿನ ಬೆಂಚಿನಲ್ಲಿ ಪದ್ಮ ಎಂಬ ನೇಕಾರರ ಹುಡುಗಿ. ನಾನು ಆ ಕಡೆ ತಿರುಗಿದಾಗ ಪದ್ಮಳ ಕೈಯಲ್ಲಿ ಚೀಟಿ! ಅದರ ತುಂಬ ಸೂತ್ರಗಳು, ಮೇಲೆ ಬೂದುಬಣ್ಣದ ಬೆರಳಿನ ಗುರುತು. ಅವಳ ಬೆರಳ ತುದಿಗಳಲ್ಲಿ ಬೂದಿ ಮೆತ್ತಿತ್ತು. ಮಗ್ಗದ ಹಳೆಯ ಎಳೆಗೆ ಹೊಸ ಎಳೆ ಹೊಸೆಯುವಾಗ ಬೆರಳು ಜಾರದಿರಲೆಂದು ಹಚ್ಚಿಕೊಳ್ಳುತ್ತಾರಲ್ಲ, ಅದು. ಪರೀಕ್ಷೆಯ ದಿನ ಬೆಳಿಗ್ಗೆಯೂ ಕೆಲಸಕ್ಕೆ ಕೂತು ಬಂದಿದ್ದಳು. ಅಯ್ಯೋ ಪಾಪ ಅನ್ನಿಸಬೇಕಿತ್ತು. ನನಗೆ ಬಂದದ್ದು ಸಿಟ್ಟು.

"ಎಲ್ಲಿಂದ ಬಂತೇ ಇದು?"

"ಬಿದ್ದಿತ್ತು ಸಾರ್, ಎತ್ಕೊಂಡೆ."

"ಬಿದ್ದಿತ್ತಂತೆ! ಪರೀಕ್ಷೇಲಿ ಕೂತು ಬಿದ್ದಿದ್ದನ್ನೆಲ್ಲ ಎತ್ಕೋತಾರೇನೇ?"

ಹುಡುಗಿ ಹೆದರಿಹೋದಳು. ಬಾಯಿಗೆ ಮನೆಯ ತೆಲುಗು ಬಂತು. "ನಾದಿ ಕಾದು ಸಾರ್, ನಾದಿ ಕಾದು." ನನ್ನದಲ್ಲ, ನನ್ನದಲ್ಲ ಅಂತ.

"ಕನ್ನಡದಲ್ಲಿ ಮಾತಾಡೇ, ಕಳ್ಳಿ" ಎಂದು ಇಡೀ ಕೊಠಡಿಗೆ ಕೇಳುವಂತೆ ಗದರಿದೆ. ಚೀಟಿಯ ಅಕ್ಷರ ಅವಳದೋ ಅಲ್ಲವೋ ಎಂದು ನೋಡಲೂ ಇಲ್ಲ. ಮುಂದಿನ ಬೆಂಚಿನ ಸಿಂಚನಾ ತಲೆ ತಗ್ಗಿಸಿ ಬರೆಯುತ್ತಿದ್ದಳು. ಪದ್ಮ ಡಿಬಾರ್ ಆದಳು. ನಾನು ಗೆಳೆಯನ ಮನೆಗೆ ಹೋಗಿ ಹೊಟ್ಟೆ ತುಂಬ ಉಂಡೆ.

ಇಲ್ಲಿ ಒಂದು ವಿಷಯ ಮುಚ್ಚಿಡಬಾರದು. ನಾನೂ ಹತ್ತನೇ ತರಗತಿಯಲ್ಲಿ ಸಿಕ್ಕಿಬಿದ್ದವನೇ. ಕಾಲುಚೀಲದಲ್ಲಿ ಚೀಟಿ ಇತ್ತು, ಬರೆದದ್ದೂ ನಾನೇ. ಆದರೆ ನಮ್ಮಪ್ಪ ಹೆಡ್‌ಮಾಸ್ಟರ್. ಹಿಡಿದ ಮೇಷ್ಟ್ರು ಚೀಟಿಯನ್ನು ತಮ್ಮ ಜೇಬಿಗೆ ಹಾಕಿಕೊಂಡು, "ಹೋಗ್ಲಿ ಬಿಡು, ಹುಡುಗಾಟ" ಎಂದು ಬೆನ್ನು ತಟ್ಟಿದ್ದರು. ಅವರು ಹಾಗೆ ಬಿಟ್ಟದ್ದಕ್ಕೇ ನಾನು ಇವತ್ತು ಮೇಷ್ಟ್ರು.

ಹೋದ ವರ್ಷ ಸಿಂಚನಾಳ ನಿಶ್ಚಿತಾರ್ಥಕ್ಕೆ ಹೋಗಿದ್ದೆ. ಊಟ ಆದಮೇಲೆ ಅವಳೇ ಬಂದು ನಗುತ್ತಾ, "ಅಂಕಲ್, ಅವತ್ತು ಒಂದು ಚೀಟಿ ಹಿಡಿದ್ರಲ್ಲ, ಅದು ನಂದು! ನೀವು ಬರೋದು ನೋಡಿ ಕೆಳಗೆ ಹಾಕ್ಬಿಟ್ಟಿದ್ದೆ" ಎಂದಳು. ಗೆಳೆಯ ಹೊಟ್ಟೆ ಹಿಡಿದು ನಕ್ಕ. "ಬಿಡೋ, ಹುಡುಗಾಟ" ಎಂದ. ನಾನೂ ನಕ್ಕೆ. ಹೌದು, ನಕ್ಕೆ. ಆ ನಗುವಿಗೆ ನನ್ನನ್ನು ನಾನು ಕ್ಷಮಿಸಲಾರೆ.

ಅಲ್ಲಿಂದ ಎದ್ದವನೇ ಕೇಳಿಕೊಂಡು ಕೇಳಿಕೊಂಡು ಪದ್ಮಳ ಮನೆ ಹುಡುಕಿದೆ. ಅವಳು ಮಗ್ಗದ ಮುಂದೆ ಕೂತು ಎಳೆ ಹೊಸೆಯುತ್ತಿದ್ದಳು. ಬೆರಳಿಗೆ ಅದೇ ಬೂದಿ. ನನ್ನ ಗುರುತು ಹಿಡಿದು, "ಅವ್ವಾ, ಪರೀಕ್ಷೆಗೆ ಬಂದಿದ್ದ ಮೇಷ್ಟ್ರು" ಎಂದಳು.

ಅವ್ವ ಚಾಪೆ ಹಾಸಿದರು. "ಬರ್ರಿ ಸಾರ್, ಕೂತ್ಕಳ್ರಿ. ನರ್ಸ್ ಆಗ್ತೀನಿ ಅಂತಿದ್ಲು ಸಾರ್. ಕಳ್ಳಿ ಅನ್ನಿಸ್ಕೊಂಡ್ಳಲ್ಲ, ಅವರಪ್ಪ ಮತ್ತೆ ಪರೀಕ್ಷೆ ಕಟ್ಟೋಕೇ ಬಿಡ್ಲಿಲ್ಲ." ಅವರ ದನಿಯಲ್ಲಿ ಸಿಟ್ಟೂ ಇರಲಿಲ್ಲ.

ನಾನು ಚಾಪೆಯ ಮೇಲೆ ಕೂರುತ್ತಿದ್ದೆ. ಅಷ್ಟರಲ್ಲಿ ಪದ್ಮ, "ಸಾರ್, ಕಾಲು ಸ್ವಲ್ಪ ತೆಗೀರಿ, ಎಳೆ ಐತೆ" ಎಂದು ಬಗ್ಗಿ, ನನ್ನ ಕಾಲ ಬಳಿ ಬಿದ್ದಿದ್ದ ಗೇಣುದ್ದದ ರೇಷ್ಮೆ ಎತ್ತಿಕೊಂಡಳು.

"ಮಗ್ಗದ ಮನೇಲಿ ಹುಟ್ಟಿದೋರಲ್ವಾ ಸಾರ್" ಎಂದು ಅವ್ವ ನಕ್ಕರು. "ನೆಲಕ್ಕೆ ಏನು ಬಿದ್ರೂ ಕೈ ತಾನಾಗೇ ಹೋಗ್ತೈತೆ. ಸಣ್ಣೋಳಿದ್ದಾಗಿಂದ ಹಂಗೇ ಕಲ್ಸಿದೀನಿ."

"ಆ ಚೀಟಿ ನಿಂದಲ್ಲ ಅಂತ ಇವತ್ತು ಗೊತ್ತಾಯ್ತಮ್ಮ" ಎಂದೆ.

ಪದ್ಮ ತಲೆ ಎತ್ತಲಿಲ್ಲ. "ನಾನು ಅವತ್ತೇ ಹೇಳಿದ್ನಲ್ಲ ಸಾರ್" ಎಂದಳು. ಮತ್ತೆ ಎಳೆ ಹೊಸೆಯತೊಡಗಿದಳು.

ನನ್ನ ತಪ್ಪನ್ನು ಇಲಾಖೆಗೆ ಬರೆದು ಒಪ್ಪಿಕೊಳ್ಳಬೇಕೆಂದು ಮೂರು ಸಲ ಕೂತೆ. ಮೂರು ಸಲವೂ ಹರಿದು ಹಾಕಿದೆ. ನಿವೃತ್ತಿಗೆ ಎರಡು ವರ್ಷ ಇದೆ, ಗೆಳೆಯನ ಮಗಳ ಮದುವೆ ಇದೆ ಎಂದು ನೆಪ ಹೇಳಿಕೊಂಡೆ. ಬರೆದರೂ ಆ ಹುಡುಗಿಯ ವರ್ಷಗಳು ವಾಪಸ್ ಬರುತ್ತವೆಯೇ? ನಾನು ಹೇಡಿ, ಅಷ್ಟೇ.

ಈ ವರ್ಷವೂ ಪರೀಕ್ಷೆಗೆ ಹಾಕಿದ್ದರು. ಕೊಠಡಿಯಲ್ಲಿ ಒಂದು ಬೆಂಚಿನ ಕೆಳಗೆ ಕಾಗದದ ಚೂರೊಂದು ಬಿದ್ದಿತ್ತು. ಯಾವ ಮಗುವಿನ ಕೈಯೂ ಅದರ ಕಡೆ ಹೋಗುವ ಮೊದಲು ಓಡಿಹೋಗಿ ನಾನೇ ಎತ್ತಿಕೊಂಡೆ. ಬರೀ ಖಾಲಿ ಕಾಗದ. ಗಂಟೆ ಹೊಡೆಯುವ ತನಕ ಅದನ್ನು ಮುಷ್ಟಿಯಲ್ಲೇ ಹಿಡಿದುಕೊಂಡಿದ್ದೆ.